ನಮ್ಮ ಮಾವನ ಅಕಾರಾದಿ

‘ನಿಮ್ಮ ಸೋದರಮಾವನವರಿಗೆ ಏನು ಕೆಲಸ?’ ಎಂದು ಯಾರಾದರೂ ಕೇಳಿದರೆ ನನಗೆ ಪೇಚಾಟ. ಪುಸ್ತಕ ಬರೆಯುವವರೇ? ಅಲ್ಲ. ಅಚ್ಚು ಹಾಕುವವರೇ? ಅಲ್ಲ. ಮಾರುವವರೇ? ಅದೂ ಅಲ್ಲ. ಗ್ರಂಥದ ಕಟ್ಟಕಡೆಯಲ್ಲಿ ಸಣ್ಣ ಅಕ್ಷರದಲ್ಲಿ, ಎರಡು ಸಾಲಾಗಿ ಪದಸೂಚಿ ಇರುತ್ತದಲ್ಲವೆ, ಅದನ್ನು ಸಿದ್ಧಪಡಿಸುವವರು ಅವರು. ‘ಅದನ್ನೂ ಒಬ್ಬರು ಕುಳಿತು ಬರೆಯುತ್ತಾರೆಯೇ?’ ಎಂದು ಮಿತ್ರನೊಬ್ಬ ಬೆರಗಾದ. ಅದು ಮಳೆಗಾಲದ ಅಣಬೆಯಂತೆ ತಾನಾಗಿ ಹುಟ್ಟುತ್ತದೆಂದು ಅವನು ತಿಳಿದಿದ್ದನೆಂದು ತೋರುತ್ತದೆ.

ಮಾವನ ಆಸ್ತಿಯೆಂದರೆ ಪಾದರಕ್ಷೆಯ ಒಂದು ಹಳೆಯ ರಟ್ಟಿನ ಪೆಟ್ಟಿಗೆ. ಅದರ ತುಂಬ ಮದುವೆಯ ಕರೆಯೋಲೆಗಳನ್ನು ಕತ್ತರಿಸಿ ಮಾಡಿದ ಚೀಟಿಗಳು. ಮೊದಲ ಸಲ ಕರಡಚ್ಚನ್ನು ಲೇಖನಿ ಮುಟ್ಟದೆ ಓದುತ್ತಾರೆ. ಎರಡನೆಯ ಸಲ ಚೀಟಿ ಬರೆಯುತ್ತಾರೆ. ‘ಪುಟ್ಟಪ್ಪ, ಕೆ. ವಿ.—ನೋಡಿ: ಕುವೆಂಪು’, ‘ಅಂಬಿಕಾತನಯದತ್ತ—ನೋಡಿ: ಬೇಂದ್ರೆ’, ‘ವಾತಾಪಿ—ನೋಡಿ: ಬಾದಾಮಿ’, ‘ದೋರಸಮುದ್ರ—ನೋಡಿ: ಹಳೇಬೀಡು’. ಓದುಗ ಯಾವ ಬಾಗಿಲು ತಟ್ಟಿದರೂ ಒಳಕ್ಕೆ ಬರುವಂತಿರಬೇಕೆಂಬುದು ಅವರ ವ್ರತ. ಗ್ರಂಥಾಲಯ ಶಾಸ್ತ್ರದ ಆಚಾರ್ಯರಾದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಐದು ಸೂತ್ರಗಳನ್ನು ಪ್ರಕಟಿಸಿದರಷ್ಟೆ. ಓದುಗನ ಕಾಲವನ್ನು ಉಳಿಸಬೇಕೆಂಬ ಅವುಗಳಲ್ಲಿ ನಾಲ್ಕನೆಯದನ್ನು ಮಾವ ಆ ಪೆಟ್ಟಿಗೆಯ ಮುಚ್ಚಳದ ಮೇಲೆ ಬರೆದುಕೊಂಡಿದ್ದಾರೆ.

ಕಳೆದ ಬೇಸಗೆ ರಜದಲ್ಲಿ ಮಾವನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಕರ್ನಾಟಕದ ಚರಿತ್ರೆಯ ಒಂದು ದೊಡ್ಡ ಗ್ರಂಥದ ಕೆಲಸವನ್ನು ಆಗಲೇ ಒಪ್ಪಿಕೊಂಡುಬಿಟ್ಟಿದ್ದರು. ‘ಲೋ, ನಿನ್ನ ಕಣ್ಣನ್ನು ಒಂದು ತಿಂಗಳು ಸಾಲ ಕೊಡೋ’ ಎಂದರು. ನಾನೋ ಈ ಕಾಲದ ಹುಡುಗ. ಕಂಪ್ಯೂಟರಿನಲ್ಲಿ ಒಂದೊಂದೇ ಹೆಸರನ್ನು ಹುಡುಕಿಸಿ, ಪುಟಸಂಖ್ಯೆಗಳನ್ನು ಸಾಲಾಗಿ ಜೋಡಿಸಿ, ಎರಡೇ ದಿನದಲ್ಲಿ ಮುಗಿಸಿ ಗರ್ವದಿಂದ ಓದಿ ಹೇಳಿದೆ. ‘ಹ’ಕಾರಕ್ಕೆ ಬಂದಾಗ ಮಾವ ನಗತೊಡಗಿದರು.

‘ಹರಿಹರ ಅಂತ ಒಂದೇ ಸಾಲೇನೋ? ರಗಳೆ ಬರೆದ ಕವಿ ಒಬ್ಬ, ವಿಜಯನಗರದ ಅರಸು ಇನ್ನೊಬ್ಬ, ತುಂಗಭದ್ರೆಯ ದಡದ ಊರು ಬೇರೆ. ನೀನು ಅರಸನ ಕೈಲಿ ರಗಳೆ ಬರೆಸಿ, ಊರಿಗೆ ಪಟ್ಟ ಕಟ್ಟಿಬಿಟ್ಟೆಯಲ್ಲೋ!’

ಕವಿ ಹರಿಹರನಿಗೆ ರಾಘವಾಂಕ ಸೋದರಳಿಯ. ಸಿಟ್ಟಿಗೆದ್ದ ಮಾವನಿಂದ ಅವನು ಪೆಟ್ಟು ತಿಂದನೆಂದು ಕಥೆಯುಂಟು. ನನಗೆ ಪೆಟ್ಟು ಬೀಳಲಿಲ್ಲ. ಶಿಕ್ಷೆ ಮಾತ್ರ ಆಯಿತು. ಪ್ರತಿದಿನ ಬೆಳಗಿನ ಕಾಫಿಯಿಂದ ದೀಪ ಹಚ್ಚುವ ಹೊತ್ತಿನವರೆಗೆ ಪುಸ್ತಕವನ್ನು ಮೊದಲ ಪುಟದಿಂದ ಗಟ್ಟಿಯಾಗಿ ಓದಬೇಕು. ಅವರು ಕಣ್ಣು ಮುಚ್ಚಿ ಕೇಳುತ್ತ ‘ನಿಲ್ಲು, ಚೀಟಿ ಬರಿ’ ಎನ್ನುವರು. ಅರಸರ ಹೆಸರಿಗೆ ನಾನು ತಾನಾಗಿಯೇ ನಿಲ್ಲುತ್ತಿದ್ದೆ; ಕೆರೆಯ ತೂಬು, ಸುಂಕದ ಲೆಕ್ಕ ಬಂದಾಗ ಆಕಳಿಸುತ್ತಿದ್ದೆ. ‘ಅದಕ್ಕೂ ಬರಿ. ನಿನಗೆ ಬೇಡವಾದದ್ದನ್ನೇ ಹುಡುಕಿಕೊಂಡು ಯಾವನೋ ಒಬ್ಬ ಬರುತ್ತಾನೆ’ ಎನ್ನುವರು. ಕೆಲಸವೆಲ್ಲ ಮುಗಿಯಿತೆನ್ನುವಷ್ಟರಲ್ಲಿ ಗ್ರಂಥಕರ್ತರು ನಡುವೆ ಒಂದು ಪುಟ ಸೇರಿಸಿದರು. ಅಲ್ಲಿಂದ ಮುಂದಿನ ಸಂಖ್ಯೆಗಳೆಲ್ಲ ಒಂದೊಂದು ಹೆಚ್ಚಾದವು. ನನಗೆ ಅಳು ಬಂದಿತು. ಮಾವ ಇನ್ನೊಂದು ಲೋಟ ಕಾಫಿ ತರಿಸಿದರು.

ವಾಚಕರೇ, ನಿಜ ಹೇಳುತ್ತೇನೆ. ಪರೀಕ್ಷೆಗೆ ಬರುವ ಪುಟಗಳನ್ನಷ್ಟೇ ಓದಿ ಬಿ.ಎ. ತರಗತಿಯವರೆಗೆ ಬಂದವನು ನಾನು. ಆದಿಯಿಂದ ಅಂತ್ಯದವರೆಗೆ ಒಂದು ಪುಸ್ತಕವನ್ನು ಓದಿದ್ದು ಅದೇ ಮೊದಲು. ಪುಸ್ತಕಪ್ರೇಮವೆಂದರೆ ಮೆಚ್ಚಿದ ಪುಟವನ್ನು ಮತ್ತೆ ಮತ್ತೆ ಓದುವುದೆಂದು ತಿಳಿದಿದ್ದೆ. ಮೆಚ್ಚದ ಪುಟವನ್ನೂ ಕಾಣದ ಇನ್ನೊಬ್ಬನಿಗಾಗಿ ಎಚ್ಚರದಿಂದ ಓದುವುದೂ ಪ್ರೇಮವೇ ಎಂದು ಈಗ ತಿಳಿಯಿತು.

ಆ ಗ್ರಂಥ ನಮ್ಮ ಕಾಲೇಜಿನ ಪುಸ್ತಕಭಂಡಾರಕ್ಕೆ ಬಂದಿದೆ. ಮುನ್ನುಡಿಯಲ್ಲಿ ಮಾವನ ಹೆಸರಿಲ್ಲ. ಮೊನ್ನೆ ತೆಗೆದು ನೋಡಿದರೆ ನಡುವಿನ ಪುಟಗಳು ಹೊಸದಾಗಿಯೇ ಇವೆ. ಕೊನೆಯ ಪುಟಗಳ ಅಂಚು ಮಾತ್ರ ಬೆರಳು ತಗುಲಿ ಮಾಸಿದೆ. ಶಸ್ತ್ರಚಿಕಿತ್ಸೆಯಾಗಿ ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಕುಳಿತಿದ್ದ ಮಾವನಿಗೆ ಹೋಗಿ ತಿಳಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಹಕಾರದ ಪುಟ ನೋಡಿದೆಯೇನೋ?’ ಎಂದರು.

ನೋಡಿದ್ದೆ. ಕವಿ, ಅರಸು, ಊರು—ಮೂರೂ ಬೇರೆ ಬೇರೆ ಸಾಲಿನಲ್ಲಿ ನೆಮ್ಮದಿಯಾಗಿದ್ದವು.