ಶವಪೆಟ್ಟಿಗೆಯ ಬಳಿಯ ದೀಪ

ಕಥೋಲಿಕ ದೇವಾಲಯದಲ್ಲಿ ಮೃತರಿಗಾಗಿ ಬಲಿಪೂಜೆ ನಡೆಯುವಾಗ ಶವಪೆಟ್ಟಿಗೆಯ ಸಮೀಪದಲ್ಲಿ ಉರಿಯುವ ದೊಡ್ಡ ಮೇಣದ ದೀಪವು, ಈಸ್ಟರ್ ಹಬ್ಬದ ಜಾಗರಣೆಯಲ್ಲಿ ಹೊಸ ಬೆಂಕಿಯಿಂದ ಹೊತ್ತಿಸುವ ಪಾಸ್ಖಾ ದೀಪವೇ ಆಗಿದ್ದು, ಕ್ರಿಸ್ತನ ಪುನರುತ್ಥಾನದಲ್ಲಿ ಈ ಮೃತನಿಗೂ ಪಾಲುಂಟೆಂಬ ವಿಶ್ವಾಸವನ್ನು ಸಾರುತ್ತದೆ. ಪೆಟ್ಟಿಗೆಯ ಮೇಲೆ ಪ್ರೋಕ್ಷಿಸುವ ಪವಿತ್ರಜಲವಾದರೋ, ಆತನು ಎಂದೋ ಪಡೆದ ದೀಕ್ಷಾಸ್ನಾನದ ಸ್ಮರಣೆ. ದೀಕ್ಷಾಸ್ನಾನವೆಂದರೆ ಕ್ರಿಸ್ತನ ಮರಣದಲ್ಲಿ ಪಾಲುಗೊಳ್ಳುವುದೆಂದು ಸಂತ ಪೌಲನು ರೋಮಾಪುರದವರಿಗೆ ಬರೆದುದನ್ನು ನೆನೆದಾಗ, ಜೀವನದ ಆದ್ಯಂತಗಳನ್ನು ಒಂದೇ ನೀರಿನಿಂದ ಬೆಸೆದ ಈ ವಿಧಿಯ ಅರ್ಥಗಾಂಭೀರ್ಯವು ಮನಸ್ಸನ್ನು ತುಂಬುತ್ತದೆ.

ಪುನರುತ್ಥಾನದ ಈ ಭರವಸೆಯು ಎಲ್ಲ ಕಾಲದಲ್ಲಿಯೂ ಇಷ್ಟು ಪ್ರಕಟವಾಗಿರಲಿಲ್ಲ. ಕಪ್ಪು ಪೂಜಾವಸ್ತ್ರವೂ, ಅಂತಿಮ ನ್ಯಾಯತೀರ್ಪಿನ ಭಯವನ್ನು ವರ್ಣಿಸುವ 'ದಿಯೆಸ್ ಇರೆ' ಎಂಬ ಲ್ಯಾಟಿನ್ ಗೀತೆಯೂ ಶತಮಾನಗಳ ಕಾಲ ಆ ಪೂಜೆಯನ್ನು ಆವರಿಸಿದ್ದವು. ಕ್ರೈಸ್ತನ ಮರಣಕ್ಕಿರುವ ಪಾಸ್ಖಾ ಸ್ವರೂಪವನ್ನು, ಎಂದರೆ ಪುನರುತ್ಥಾನದೊಡನೆ ಅದಕ್ಕಿರುವ ನಂಟನ್ನು, ಉತ್ತರಕ್ರಿಯೆಯು ಇನ್ನಷ್ಟು ಸ್ಫುಟವಾಗಿ ವ್ಯಕ್ತಪಡಿಸಬೇಕೆಂದು ಕಥೋಲಿಕ ಧರ್ಮಸಭೆಯ ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ವಿಧಿಸಲಾಗಿ, 1969ರ ನೂತನ ವಿಧಿಗ್ರಂಥವು ಹೊರಬಂದಿತು. ಬಿಳಿಯ ವಸ್ತ್ರಕ್ಕೂ ಎಡೆ ದೊರೆಯಿತು. ಶವದಹನಕ್ಕೂ ಅನುಮತಿ ದೊರೆತುದು 1963ರಲ್ಲಿಯೇ. ಆದರೆ ಪುನರುತ್ಥಾನಗೊಳ್ಳಲಿರುವ ದೇಹದ ಗೌರವಾರ್ಥವಾಗಿ ಚಿತಾಭಸ್ಮವನ್ನು ಚೆಲ್ಲಕೂಡದೆಂದು ವ್ಯಾಟಿಕನ್ನಿನ 2016ರ ಆದೇಶವು ಸ್ಪಷ್ಟಪಡಿಸಿತು.

ಭಯಕ್ಕಿಂತ ಭರವಸೆಯನ್ನು ಮುಂದಿರಿಸಿದ ಈ ಪರಿಷ್ಕಾರವು ಉಚಿತವೆಂದೇ ನನ್ನ ದೃಢಾಭಿಪ್ರಾಯ. ಹಾಗೆಂದು ಕಣ್ಣೀರಿಗೆ ಅಲ್ಲಿ ನಿಷೇಧವಿಲ್ಲ. ಮೃತನಾಗಿದ್ದ ಲಾಜರನನ್ನು ಎಬ್ಬಿಸಲೆಂದೇ ಬಂದ ಯೇಸುವೂ ಅತ್ತನು. ನೆರೆಯ ಕ್ರೈಸ್ತರ ಮನೆಯಲ್ಲಿ ಸಾವು ಸಂಭವಿಸಿದಾಗ, ಬಾಗಿಲಲ್ಲೇ ಸಾಂತ್ವನ ಹೇಳಿ ಹಿಂದಿರುಗದೆ, ದೇವಾಲಯದೊಳಕ್ಕೂ ಹೋಗಿ ಆ ಪ್ರಾರ್ಥನೆಗಳನ್ನು ಕಡೆಯವರೆಗೆ ಕೇಳಿರಿ.