ಹಗಲಲ್ಲೇ ನೀರು, ರಾತ್ರಿ ನಿದ್ದೆ

ಬೆಂಗಳೂರಿನಲ್ಲಿ ಸೋಲಾರ್ ಅಂದ್ರೆ ಸ್ನಾನದ ಬಿಸಿನೀರು. ಹಾಸನದ ಹಳ್ಳಿಗಳಲ್ಲಿ ಅದರ ಅರ್ಥ ಬೇರೆ. ನೋಡಬೇಕಂದ್ರೆ ಚನ್ನರಾಯಪಟ್ಟಣದಲ್ಲಿ ಹೆದ್ದಾರಿ ಬಿಟ್ಟು, ಹೊಳೆನರಸೀಪುರ, ಅರಕಲಗೂಡು ಸುತ್ತಿಕೊಂಡು ಹಾಸನಕ್ಕೆ ಹೋಗಿ. ನಾನು ಊರ ಕಡೆ ಹೋಗೋದು ಇದೇ ದಾರೀಲಿ.

ಚನ್ನರಾಯಪಟ್ಟಣದ ಸುತ್ತ ತೆಂಗಿನ ತೋಟಗಳು, ತೋಟಕ್ಕೆ ಬೋರು. ಪಂಪ್‌ಸೆಟ್‌ಗೆ ಬೇಕಾದ ತ್ರೀ ಫೇಸ್ ಕರೆಂಟ್ ದಿನಕ್ಕೆ ಕೆಲವೇ ಗಂಟೆ, ಅದರಲ್ಲಿ ಒಂದಿಷ್ಟು ರಾತ್ರಿ ಪಾಲು. ನಾವು ಆಫೀಸಿನಲ್ಲಿ ಭಾರದ ಕೆಲಸಗಳನ್ನು ಸರ್ವರ್ ಖಾಲಿ ಇರುವ ರಾತ್ರಿಗೆ ಹಾಕ್ತೀವಿ. ಅದಕ್ಕೆ ಯಾರೂ ಎದ್ದಿರಬೇಕಿಲ್ಲ. ಹೊಲದಲ್ಲಿ ಹಾಗಲ್ಲ. “ರಾತ್ರಿ ಕರೆಂಟ್ ಕೊಟ್ರೆ ರಾತ್ರಿನೇ ಏಳ್ಬೇಕು ಕಣಪ್ಪಾ. ಒಂದು ಕೈಲಿ ಟಾರ್ಚು, ಒಂದು ಕೈಲಿ ಸನಿಕೆ. ಕಾಲ್ಕೆಳಗೆ ಹಾವಿದ್ರೂ ಗೊತ್ತಾಗಲ್ಲ” ಅಂತಾರೆ ನಮ್ಮ ಮಾವ.

ಹೊಳೆನರಸೀಪುರದ ಪಕ್ಕದಲ್ಲೇ ಹೇಮಾವತಿ. ನಾಲೆ ನೀರು ತಾನಾಗಿ ಹರಿದು ಬರುವ ಗದ್ದೆಗೆ ಕರೆಂಟಿನ ಹಂಗಿಲ್ಲ. ನಾಲೆ ಮುಟ್ಟದ ಎತ್ತರದ ಹೊಲಕ್ಕೆ ಮಾತ್ರ ಬೋರೇ ಗತಿ.

2019ರಲ್ಲಿ ಶುರುವಾದ ಪಿಎಂ-ಕುಸುಮ್ ಯೋಜನೆಯ ‘ಬಿ’ ಭಾಗ ಇರೋದು ಇಂಥ ಸೋಲಾರ್ ಪಂಪ್‌ಗಳಿಗೆ. ಕರ್ನಾಟಕದಲ್ಲಿ ಕೇಂದ್ರದ ಪಾಲು ಶೇ. 30, ರಾಜ್ಯದ್ದು ಶೇ. 50, ರೈತನದು ಶೇ. 20. 10 ಎಚ್‌ಪಿವರೆಗೆ ಕರೆಂಟೇ ಪುಕ್ಕಟೆ ಇರುವಾಗ ಈ ದುಡ್ಡು ಯಾಕೆ ಹಾಕಬೇಕು? ಉತ್ತರ ಸರಳ: ರೈತ ಕೊಳ್ಳೋದು ಕರೆಂಟನ್ನಲ್ಲ, ಹಗಲನ್ನು.

ಅರಕಲಗೂಡು ಅರೆಮಲೆನಾಡು. ಮೋಡ ಕವಿದರೆ ಪಂಪ್ ನಿಧಾನ. ಆದರೆ ಮಳೆ ಬರುವಾಗ ಆಲೂಗೆಡ್ಡೆಗೆ ನೀರೂ ಕಡಿಮೆ ಸಾಕು. ಬಿಸಿಲು ಏರಿದಂತೆ ಬೆಳೆಯ ಬಾಯಾರಿಕೆ, ಪಂಪಿನ ಶಕ್ತಿ ಎರಡೂ ಏರುತ್ತವೆ. ಬ್ಯಾಟರಿ ಬೇಡ; ಕೃಷಿ ಹೊಂಡ ತುಂಬಿಟ್ಟುಕೊಂಡರೆ ಅದೇ ಬ್ಯಾಟರಿ.

ಒಂದು ಅಪಾಯವೂ ಇದೆ. ಬಿಸಿಲಿಗೆ ಬಿಲ್ಲಿಲ್ಲ ಅಂತ ದಿನವಿಡೀ ನೀರೆತ್ತಿದರೆ ಬೋರೇ ಬತ್ತೀತು. ಪ್ಯಾನೆಲ್ ಜೊತೆಗೆ ಹನಿ ನೀರಾವರಿ ಇರಲೇಬೇಕು.

ಹಾಸನ ಸೇರುವ ಹೊತ್ತಿಗೆ ನನಗೆ ಇನ್ನೊಂದು ದಾರಿಯೂ ನೆನಪಾಗುತ್ತದೆ: ಕುಸುಮ್‌ನ ‘ಸಿ’ ಭಾಗ. ಸಬ್‌ಸ್ಟೇಷನ್ ಬಳಿ ಸೋಲಾರ್ ಘಟಕ ಹಾಕಿ, ಪಂಪ್‌ಸೆಟ್ ಲೈನಿಗೇ ಹಗಲು ಕರೆಂಟ್ ಕೊಡೋದು. ರೈತ ಹಳೇ ಮೋಟ್ರನ್ನೇ ಇಟ್ಕೋಬಹುದು. ಶೇ. 20 ಹೊಂದಿಸಲಾಗದವರಿಗೂ ಹಗಲು ಸಿಗೋದು ಹೀಗೆ.

ನಿಮ್ಮೂರಲ್ಲೂ ಅಪ್ಪನೋ ಮಾವನೋ ರಾತ್ರಿ ಮೋಟ್ರು ಹಾಕೋಕೆ ಏಳ್ತಿದ್ರೆ, ಮುಂದಿನ ರಜೆಯಲ್ಲಿ ಜೊತೆಗೆ ಕೂತು ಲೆಕ್ಕ ಹಾಕಿ. ಅರ್ಜಿ ತುಂಬೋದು ಅವರಿಗಿಂತ ನಮಗೆ ಸುಲಭ.