ಕೆಂಚನ ಮಾತ್ರೆಯ ಹೊತ್ತು

ಬೆಳಿಗ್ಗೆ ಆರು. ಮೈಸೂರಿನ ಮಾಗಿ ಚಳಿಗೆ ಅಡುಗೆಮನೆಯ ನೆಲ ಕೊರೆಯುತ್ತಿದೆ. ಅಮ್ಮ ಕಪಾಟಿನಿಂದ ಎರಡು ಡಬ್ಬಿ ಇಳಿಸುತ್ತಾರೆ. ಒಂದು ಅವರದು, ಇನ್ನೊಂದು ಕೆಂಚನದು. ಎರಡರಲ್ಲೂ ಇರುವುದು ಥೈರಾಯ್ಡ್ ಕೊರತೆಗೆ ಕೊಡುವ ಒಂದೇ ಔಷಧ, ಲಿವೊಥೈರಾಕ್ಸಿನ್. ಅಮ್ಮನಿಗೆ ದಿನಕ್ಕೆ 75 ಮೈಕ್ರೋಗ್ರಾಂ. 30 ಕೆ.ಜಿ. ತೂಗುವ ಕೆಂಚನಿಗೆ ಬೆಳಿಗ್ಗೆ 600, ರಾತ್ರಿ 600. ನಾಯಿಯ ಕರುಳು ಇದನ್ನು ಕಡಿಮೆ ಹೀರುತ್ತದೆ. ಹೀರಿದ್ದೂ ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ: ಮನುಷ್ಯರಲ್ಲಿ ಅರ್ಧ ಕರಗಲು ಸುಮಾರು ಒಂದು ವಾರ ಬೇಕು, ನಾಯಿಯಲ್ಲಿ ಅರ್ಧ ದಿನ ಸಾಕು.

"ಬಾರೋ ಕೆಂಚಾ."

ಗೋಲ್ಡನ್ ರಿಟ್ರೀವರ್ ಬಾಲ ಬೀಸುತ್ತ ಬರುತ್ತಾನೆ. ಬಾಯಿ ಅಗಲಿಸಿ, ಮಾತ್ರೆಗಳನ್ನು ನಾಲಿಗೆಯ ಬುಡಕ್ಕಿಟ್ಟು, ಬಾಯಿ ಮುಚ್ಚಿ ಗಂಟಲು ಸವರುತ್ತೇನೆ. ಗುಟುಕ್ಕೆಂದು ನುಂಗಿ ಮೂಗು ನೆಕ್ಕಿಕೊಳ್ಳುತ್ತಾನೆ. ಹೊಟ್ಟೆಯಲ್ಲಿ ಅನ್ನವಿದ್ದರೆ ಮಾತ್ರೆ ಸರಿಯಾಗಿ ಹತ್ತುವುದಿಲ್ಲ. ಹಾಗಾಗಿ ಅಮ್ಮ ಕಾಫಿಗೆ, ಕೆಂಚ ತಿಂಡಿಗೆ, ಇಬ್ಬರೂ ಕಾಯುತ್ತ ಕೂರುತ್ತಾರೆ.

ಅವನ ಪಕ್ಕೆಯ ಮೇಲೆ ಕೈಯಾಡಿಸುತ್ತೇನೆ. ಎರಡೂ ಬದಿ ಒಂದೇ ಸಮನಾಗಿ ಬೋಳಾಗಿ, ಕಪ್ಪಿಟ್ಟಿದ್ದ ಚರ್ಮದಲ್ಲಿ ಈಗ ಮೆತ್ತನೆಯ ಕೂದಲು. ಇಲಿಯ ಬಾಲದಂತಾಗಿದ್ದ ಬಾಲವೂ ತುಂಬಿಕೊಳ್ಳುತ್ತಿದೆ. ಮಾತ್ರೆಗೆ ಮೊದಲು, ತಿನ್ನುವುದು ಹೆಚ್ಚದಿದ್ದರೂ ಮೈ ಬಂದಿತ್ತು. ಮುಖ ಊದಿ, ರೆಪ್ಪೆ ಜೋತು, ಸದಾ ದುಃಖದಲ್ಲಿರುವವನಂತೆ ಕಾಣುತ್ತಿದ್ದ. ಚಳಿ ತಾಳದೆ ಬಿಸಿಲಲ್ಲಿ ಬಿದ್ದುಕೊಂಡವನು ಸರಪಳಿ ಸದ್ದಾದರೂ ಏಳುತ್ತಿರಲಿಲ್ಲ. "ವಯಸ್ಸಾಯ್ತು ಬಿಡಿ" ಎಂದವರೇ ಎಲ್ಲರೂ. ಅವನಿಗಿನ್ನೂ ಏಳು ವರ್ಷ. ಅದು ವಯಸ್ಸಲ್ಲ, ಥೈರಾಯ್ಡ್ ಕೊರತೆ. ಕತ್ತಿನ ಥೈರಾಯ್ಡ್ ಗ್ರಂಥಿಯನ್ನು ದೇಹದ ರೋಗನಿರೋಧಕ ಶಕ್ತಿಯೇ ಹಾಳುಗೆಡವುವುದು, ಇಲ್ಲವೇ ಗ್ರಂಥಿ ತಾನಾಗಿ ಸೊರಗುವುದು, ಹೆಚ್ಚಾಗಿ ಈ ನಡುವಯಸ್ಸಿನಲ್ಲೇ. ಮಾತ್ರೆ ಶುರುವಾದ ಒಂದೆರಡು ವಾರಕ್ಕೇ ಲವಲವಿಕೆ ಮರಳಿತು. ಕೂದಲಿಗೆ ಮಾತ್ರ ತಿಂಗಳುಗಳೇ ಬೇಕು.

ಹತ್ತೂವರೆ. ಕ್ಲಿನಿಕ್ಕಿನ ಮೇಜಿನ ಮೇಲೆ ಕೆಂಚ, ಅವನ ಕೊರಳು ತಬ್ಬಿ ನಾನು.

"ಮಾತ್ರೆ ಎಷ್ಟು ಗಂಟೆಗೆ ಕೊಟ್ರಿ?"

"ಆರಕ್ಕೆ, ಡಾಕ್ಟ್ರೇ."

"ಸರಿಯಾಯ್ತು. ಕೊಟ್ಟ ನಾಲ್ಕರಿಂದ ಆರು ಗಂಟೆಯೊಳಗೆ ರಕ್ತ ತೆಗೆದರೆ ಹಾರ್ಮೋನ್ ಮಟ್ಟ ಎಲ್ಲಿಗೆ ಏರಿದೆ ಅಂತ ಗೊತ್ತಾಗುತ್ತೆ. ವಿಪರೀತ ತೇಕುತ್ತಾನಾ? ನೀರು ಜಾಸ್ತಿ ಕುಡೀತಾನಾ?"

ಮಾತ್ರೆ ಹೆಚ್ಚಾದರೆ ಹಾಗಾಗುತ್ತದಂತೆ. ಇಲ್ಲ ಎನ್ನುತ್ತೇನೆ. ಡಾಕ್ಟರಮ್ಮ ಎದೆಗೆ ಸ್ಟೆತಸ್ಕೋಪ್ ಒತ್ತುತ್ತಾರೆ. ಮೊದಲು ನಿಧಾನವಾಗಿದ್ದ ಬಡಿತ ಈಗ ಚುರುಕಾಗಿದೆ. ಮುಂಗಾಲಿನ ಕೂದಲು ಬೋಳಿಸಿ ಸೂಜಿ ಚುಚ್ಚುತ್ತಾರೆ. ಕೆಂಚ ಒಮ್ಮೆ ಕುಂಯ್‌ಗುಟ್ಟಿ ನನ್ನ ಕಂಕುಳಿಗೆ ಮೂತಿ ತೂರಿಸುತ್ತಾನೆ.

ಬೆಂಚಿನಲ್ಲಿ ಕೂತವರು ತಮ್ಮ ಲ್ಯಾಬ್ರಡಾರನ್ನು ತೋರಿಸಿ ಕೇಳುತ್ತಾರೆ: "ಇವನೂ ಮಂಕಾಗಿದ್ದಾನೆ ಮೇಡಂ. ಇದೇ ಮಾತ್ರೆ ಕೊಡಬಹುದಾ?"

"ಹಾಗೆಲ್ಲ ಕೊಡಬಾರದು. ಬೇರೆ ಕಾಯಿಲೆಯಿದ್ರೂ, ಸ್ಟೀರಾಯ್ಡ್ ತಗೊಂಡಿದ್ರೂ ಥೈರಾಯ್ಡ್ ಹಾರ್ಮೋನ್ ಟಿ4 ಇಳಿಯುತ್ತೆ. ಥೈರಾಯ್ಡನ್ನು ಚುರುಕುಗೊಳಿಸೋ ಹಾರ್ಮೋನ್ ಟಿಎಸ್‌ಎಚ್ ನೋಡಬೇಕು, ಲಕ್ಷಣನೂ ಹೊಂದಬೇಕು. ಇದೇ ಕಾಯಿಲೆ ಅಂತಾದ್ರೆ ಮಾತ್ರೆ ಬದುಕಿರೋವರೆಗೂ."

ಕೆಂಚ ಮೇಜಿನಿಂದ ಇಳಿದವನೇ ಬಾಗಿಲ ಕಡೆ ನನ್ನನ್ನು ಎಳೆಯುತ್ತಾನೆ. ಎಷ್ಟು ಬೇಕಾದರೂ ಎಳೆಯಲಿ. ದಿನಕ್ಕೆರಡು ಹೊತ್ತಿನ ಮಾತ್ರೆ, ಆಗಾಗ ಒಂದಿಷ್ಟು ರಕ್ತ: ಇಷ್ಟಕ್ಕೇ ಇವನು ಇಷ್ಟು ಬದುಕು ಮರಳಿ ಪಡೆದಿದ್ದಾನೆ. ನಿಮ್ಮ ನಾಯಿಯೂ ಮಂಕಾದರೆ, ವಯಸ್ಸಾಯಿತೆಂದು ಕೈಬಿಡುವ ಮೊದಲು ದಯವಿಟ್ಟು ಪರೀಕ್ಷೆ ಮಾಡಿಸಿ.